ಮೂಗಿನಲ್ಲಿ ಬೆಳೆಯುವ ದುರ್ಮಾಂಸ

ಮೂಗಿನಲ್ಲಿ ದುರ್ಮಾಂಸ ಬೆಳೆದಿದೆಯೆಂದು ವೈದ್ಯರು ಹೇಳಿದೊಡನೆ ಮನೆಯವರೆಲ್ಲ ಕ್ಯಾನ್ಸರ್ ರೋಗವೆಂದೇ ಶಂಕಿಸಿ ಕಂಗೆಡುವುದುಂಟು. ಮತ್ತೆ ಕೆಲವರು ಬರಿಯ ನೆಗಡಿಯೆಂದೆಣಿಸಿ ವರ್ಷಗಟ್ಟಲೆ ಸುಮ್ಮನಿರುವುದೂ ಉಂಟು. ಅತಿಯಾದ ಭಯವೂ ಅತಿಯಾದ ಉದಾಸೀನವೂ ಸಮನಾಗಿ ಹಾನಿಕರವಾದುದರಿಂದ, ಈ ಎರಡು ಬಗೆಯ ಬೆಳವಣಿಗೆಗಳ ಭೇದವನ್ನು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಸಾಧಾರಣವಾದ ದುರ್ಮಾಂಸಕ್ಕೆ ಆಯುರ್ವೇದದಲ್ಲಿ ನಾಸಾರ್ಶವೆಂದೂ ಈಗಿನ ವೈದ್ಯರಲ್ಲಿ ಪಾಲಿಪ್ ಎಂದೂ ಹೆಸರು. ಮೂಗು ಮತ್ತು ಅದರ ಸುತ್ತಣ ಎಲುಬಿನ ಗೂಡುಗಳ ಒಳಪೊರೆಯು ಬಹುಕಾಲದ ಉರಿಯೂತದಿಂದ ನೀರು ತುಂಬಿ ಜೋತುಬೀಳುವುದೇ ಇದರ ಮೂಲ. ಇದು ಸಿಪ್ಪೆ ಸುಲಿದ ದ್ರಾಕ್ಷಿಯಂತೆ ನಸುಬಿಳುಪಾಗಿಯೂ ನುಣುಪಾಗಿಯೂ ಇರುತ್ತದೆ. ಮುಟ್ಟಿದರೆ ನೋವಿಲ್ಲ, ರಕ್ತ ಒಸರುವುದು ಅಪರೂಪ. ಬಹುಮಟ್ಟಿಗೆ ಎರಡು ಹೊಳ್ಳೆಗಳಲ್ಲಿಯೂ ಕಾಣಿಸಿಕೊಂಡು ಮೂಗು ಕಟ್ಟುತ್ತದೆ, ವಾಸನೆ ತಿಳಿಯದಾಗುತ್ತದೆ. ಉಬ್ಬಸವಿರುವವರಲ್ಲಿ ಇದು ಹೆಚ್ಚು. ಅವರಲ್ಲಿ ಕೆಲವರಿಗೆ ಆಸ್ಪಿರಿನ್ ಮಾತ್ರೆ ಒಗ್ಗದು. ಇಂತಹ ದುರ್ಮಾಂಸವು ಸಾಮಾನ್ಯವಾಗಿ ಕ್ಯಾನ್ಸರಾಗಿ ಮಾರ್ಪಡುವುದಿಲ್ಲ. ಮೂಗಿಗೆ ಸಿಂಪಡಿಸುವ ಔಷಧದಿಂದ ಕುಗ್ಗುತ್ತದೆ, ಕುಗ್ಗದಿದ್ದರೆ ಶಸ್ತ್ರಚಿಕಿತ್ಸೆಯುಂಟು. ಆದರೆ ಮರಳಿ ಬೆಳೆಯುವ ಸ್ವಭಾವ ಇದಕ್ಕಿದೆ.

ಮೂಗಿನ ಕ್ಯಾನ್ಸರ್ ವಿರಳವಾದ ರೋಗ. ಅದು ಹೆಚ್ಚಾಗಿ ಒಂದೇ ಪಕ್ಕದಲ್ಲಿ ತೊಡಗುತ್ತದೆ. ಒಂದೇ ಹೊಳ್ಳೆ ಬಿಡದೆ ಕಟ್ಟುವುದು, ಅದರಿಂದ ರಕ್ತಮಿಶ್ರಿತ ಸಿಂಬಳ ಬರುವುದು, ಕೆನ್ನೆ ಜೋಮು ಹಿಡಿಯುವುದು ಅಥವಾ ಊದುವುದು, ಮೇಲ್ದವಡೆಯ ಹಲ್ಲು ಕಾರಣವಿಲ್ಲದೆ ಅಲುಗುವುದು, ಕಣ್ಣು ಮುಂದಕ್ಕೆ ಚಾಚುವುದು, ಒಂದು ವಸ್ತು ಎರಡಾಗಿ ತೋರುವುದು, ಕೊರಳಿನಲ್ಲಿ ಗಂಟು ಏಳುವುದು—ಇವು ಎಚ್ಚರಿಕೆಯ ಚಿಹ್ನೆಗಳು. ಮರಗೆಲಸದವರ ಮನೆಗಳಲ್ಲಿ ಇವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಇಂಗ್ಲೆಂಡಿನ ಹೈ ವಿಕಂ ಪ್ರಾಂತದಲ್ಲಿ ಕುರ್ಚಿ ಮೇಜುಗಳನ್ನು ಮಾಡುವವರಲ್ಲಿ ಈ ರೋಗ ಹೆಚ್ಚಾಗಿರುವುದನ್ನು ಅಲ್ಲಿಯ ವೈದ್ಯರು 1960ರ ದಶಕದಲ್ಲಿ ಗುರುತಿಸಿದರು. ಮರದ ಧೂಳು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾಂಗವು 1995ರಲ್ಲಿ ಸಾರಿತು.

ಒಂದು ಪಕ್ಕದ ಬೆಳವಣಿಗೆಯೆಲ್ಲ ಕ್ಯಾನ್ಸರಲ್ಲ. ಮಕ್ಕಳು ಮೂಗಿಗೆ ತುರುಕಿಕೊಂಡ ಮಣಿಯೂ ಹೊಳ್ಳೆಯನ್ನು ಕಟ್ಟೀತು. ಆದರೆ ಕ್ಯಾನ್ಸರಲ್ಲದ ಗೆಡ್ಡೆಗಳಲ್ಲಿಯೂ ಮುಂದೆ ಕ್ಯಾನ್ಸರಾಗಬಲ್ಲ ಒಂದು ಜಾತಿಯುಂಟು. ಹೊರನೋಟಕ್ಕೆ ಅದು ಪಾಲಿಪ್‌ನಂತೆಯೇ ಕಾಣಬಹುದು. ಆದುದರಿಂದ ಕಣ್ಣಂದಾಜು ಸಾಲದು. ವೈದ್ಯರು ದುರ್ಬೀನಿನಿಂದ ನೋಡಿ, ಸ್ಕ್ಯಾನ್ ತೆಗೆಸಿ, ತುಣುಕೊಂದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಮೇಲೆಯೇ ನಿರ್ಣಯ. ತುಣುಕು ತೆಗೆದರೆ ರೋಗ ಹರಡುವುದೆಂದು ಅಂಜಿ ಈ ಪರೀಕ್ಷೆಯನ್ನು ಮುಂದೂಡಬಾರದು. ಖಾರದ ಮದ್ದಿನಿಂದ ಸುಡುತ್ತೇವೆಂಬವರ ಕೈಗೆ ಮೂಗನ್ನು ಒಪ್ಪಿಸಲೂ ಬಾರದು.

ಒಂದೇ ಹೊಳ್ಳೆ ಮೂರು ನಾಲ್ಕು ವಾರ ಕಟ್ಟಿಯೇ ಇದ್ದರೆ, ಅಥವಾ ಅದರಿಂದ ಮತ್ತೆ ಮತ್ತೆ ರಕ್ತ ಕಂಡರೆ, ಮೂಗಿನ ತಜ್ಞರ ಬಳಿಗೆ ಹೋಗತಕ್ಕದ್ದು. ಭಯ ನಿರಾಧಾರವಾದರೆ ಮನೆಗೆ ನೆಮ್ಮದಿ. ನಿಜವಾದರೆ, ಬೇಗ ತಿಳಿದಷ್ಟೂ ಚಿಕಿತ್ಸೆಗೆ ಎಡೆ ಹೆಚ್ಚು.