ಯಾರೂ ರಿವ್ಯೂ ಮಾಡದ ಡಬ್ಬಿ

ಪ್ರತಿ ಸೆಪ್ಟೆಂಬರಿಗೆ ನಮ್ಮ ಹಾಸ್ಟೆಲಿನಲ್ಲಿ ಐಫೋನ್ ಹಬ್ಬ. ಕೊಳ್ಳುವವರು ಮೂರು ಮಹಡಿ ಹುಡುಕಿದರೂ ಸಿಗೂದಿಲ್ಲ. ಆದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬಾಡಿ ಟೈಟಾನಿಯಂ ಇರಬೇಕಿತ್ತೋ ಅಲ್ಯೂಮಿನಿಯಂ ಸಾಕಿತ್ತೋ ಅಂತ ರಾತ್ರಿ ಒಂದು ಗಂಟೆವರೆಗೂ ವಾದ ನಡೀತದ. ಅದರಲ್ಲಿ ನಂದೂ ಒಂದು ದನಿ, ಸುಳ್ಳು ಯಾಕೆ ಹೇಳಲಿ. ಆದರೆ ಇಷ್ಟೆಲ್ಲಾ ಅನ್‌ಬಾಕ್ಸಿಂಗ್ ವಿಡಿಯೊಗಳಲ್ಲಿ ಯಾರೂ ಹೇಳದ ಒಂದು ಮಾತು ಆಪಲ್ ಕಂಪನಿಯ ಸ್ವಂತ ಸೂಚನೆಯಲ್ಲೇ ಇದೆ: ಐಫೋನನ್ನು ಬಳಸಬೇಕಾದದ್ದು 0ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿನ ಹವೆಯಲ್ಲಿ. ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ದಾಟುವುದು ಸುದ್ದಿಯೇ ಅಲ್ಲ. ಅಂದ್ರೆ ಆ ಫೋನಿನ ಲೆಕ್ಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲ್ಲೂಕು ಬ್ಯಾಸಗಿ ಪೂರ್ತಿ ಔಟ್ ಆಫ್ ಸಿಲಬಸ್.

ಅದೇ ಬಿಸಿಲಿನಲ್ಲಿ, ಹೊಲದ ಮೂಲೆಯ ತಗಡಿನ ಪೆಟ್ಟಿಗೆಯೊಳಗೆ, ಧೂಳು, ಹಲ್ಲಿ, ಕಣಜದ ಗೂಡಿನ ನಡುವೆ ವರ್ಷಗಟ್ಟಲೆ ದುಡಿಯುವ ಗ್ಯಾಜೆಟ್ ಒಂದಿದೆ. ಹೆಸರು ಮೊಬೈಲ್ ಸ್ಟಾರ್ಟರ್. ಟಿಫಿನ್ ಡಬ್ಬಿಯಷ್ಟು ದೊಡ್ಡದು. ಅದಕ್ಕೆ ಲಾಂಚ್ ಇವೆಂಟ್ ಇಲ್ಲ, ಹೀರೊ ಜಾಹೀರಾತು ಇಲ್ಲ, ಐದು ಸ್ಟಾರಿಗೆ ನಾಲ್ಕೂವರೆ ಕೊಡುವ ಯೂಟ್ಯೂಬರ್ ಇಲ್ಲ. ನನ್ನನ್ನು ಕೇಳಿದರೆ ನಮ್ಮ ಕಡೆ ಜೀವನ ಬದಲಿಸಿದ ಗ್ಯಾಜೆಟ್ ಅಂತ ಒಂದನ್ನೇ ಹೆಸರಿಸಬೇಕಾದರೆ ಸ್ಮಾರ್ಟ್‌ಫೋನಿಗಿಂತ ಮೊದಲು ಇದನ್ನೇ ಹೇಳ್ತೀನಿ. ಹಾಗಂತ ಪೂರ್ತಿ ಹೊಗಳಾಕೂ ನಾ ತಯಾರಿಲ್ಲ.

ಸಿವಿಲ್, ಮೆಕ್ಯಾನಿಕಲ್ ಕಡೆಯವರಿಗೂ ತಿಳಿಯುವ ಹಾಗೆ ಮೊದಲು ಅದರ ಕೆಲಸ ಹೇಳಿಬಿಡ್ತೀನಿ. ಡಬ್ಬಿಯೊಳಗೆ ಒಂದು ಸಿಮ್ ಕಾರ್ಡು. ರೈತ ಮನೆಯಿಂದಲೋ ಚಹಾದ ಅಂಗಡಿಯಿಂದಲೋ ಅದಕ್ಕೆ ಫೋನ್ ಹಚ್ಚುತ್ತಾನೆ. ಡಬ್ಬಿ ಕಾಲ್ ಎತ್ತಿ, ಕರೆಂಟು ಇದೆಯೋ ಇಲ್ಲವೋ ಹೇಳಿ, ಯಾವ ನಂಬರ್ ಒತ್ತಿದರೆ ಮೋಟರ್ ಚಾಲೂ, ಯಾವುದು ಒತ್ತಿದರೆ ಬಂದ್ ಅಂತ ಹೇಳುತ್ತದೆ. ಒತ್ತಿದ ಬಟನ್ನಿನ ಟೋನ್ ಗುರುತಿಸಿ ಒಳಗಿನ ರಿಲೇ ಕೆಲಸ ಮಾಡುತ್ತದೆ, ಅದು ಸ್ಟಾರ್ಟರಿನ ಹಸಿರು ಬಟನ್ ಒತ್ತಿದ್ದಕ್ಕೆ ಸಮ. ಇಷ್ಟೇ ಆಗಿದ್ದರೆ ಆಟಿಕೆ ಅನ್ನಬಹುದಿತ್ತು. ಡಬ್ಬಿ ಮೂರೂ ಫೇಸಿನ ಮೇಲೆ ಕಣ್ಣಿಟ್ಟಿರುತ್ತದೆ. ಒಂದು ಫೇಸ್ ಹೋದರೂ ಓಡುತ್ತಲೇ ಇರುವ ಮೋಟರ್ ಉಳಿದೆರಡರಲ್ಲಿ ಸುಮಾರು 1.7 ಪಟ್ಟು ಕರೆಂಟು ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಹಾಗಾಗುವ ಮೊದಲೇ ಡಬ್ಬಿ ಬಂದ್ ಮಾಡುತ್ತದೆ. ಬೋರಿನಲ್ಲಿ ನೀರು ತೀರಿದರೆ ಮೋಟರ್ ಎಳೆಯುವ ಕರೆಂಟು ಇಳಿಯುತ್ತದೆ, ಅದನ್ನೂ ಗುರುತಿಸಿ ನಿಲ್ಲಿಸುತ್ತದೆ. ಬೋರಿನಿಂದ ಮೋಟರ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಿದವರನ್ನು ಕೇಳ್ರಿ, ಇದರ ಬೆಲೆ ಅವರು ಹೇಳ್ತಾರ.

ನಮ್ಮ ಕಾಕಾನ ಫೋನಿನಲ್ಲಿ 'ಮೋಟರ್' ಅಂತ ಒಂದು ಕಾಂಟ್ಯಾಕ್ಟ್ ಐತಿ, ನನ್ನ ಹೆಸರಿನ ಸ್ವಲ್ಪ ಮೇಲೆ. ಇಂಟರ್ನಲ್ಸ್ ಟೈಮಿನಲ್ಲಿ ನಾನು ಫೋನ್ ಎತ್ತದಿದ್ದಾಗ ಒಮ್ಮೆ ಅಂದ: "ತಮ್ಮಾ, ನಿನಕಿಂತ ನಮ್ಮ ಮೋಟರ್ ಚೊಲೊ. ಒಂದ ರಿಂಗಿಗೇ ಎತ್ತತೈತಿ."

ನಗು ಬರ್ತದ, ಆದರೆ ಈ ಡಬ್ಬಿ ಹುಟ್ಟಿದ ಕಾರಣ ನಗುವಂಥದ್ದಲ್ಲ. ಪಂಪ್‌ಸೆಟ್ಟಿಗೆ ಬರುವ ತ್ರೀ ಫೇಸ್ ದಿನಕ್ಕೆ 7 ತಾಸು ಅನ್ನುವುದು ಸರ್ಕಾರದ ಲೆಕ್ಕ. 10 ಎಚ್‌ಪಿವರೆಗೆ ಬಿಲ್ಲಿಲ್ಲ, ಅದು ಒಳ್ಳೆಯದೇ. ಪ್ರಶ್ನೆ ಎಷ್ಟು ಅನ್ನುವುದಲ್ಲ, ಯಾವಾಗ ಅನ್ನುವುದು. ಪಾಳಿ ಪ್ರಕಾರ ಅರ್ಧ ರಾತ್ರಿಗೆ ಬಂದರೆ ಅರ್ಧ ರಾತ್ರಿಗೆ ಎದ್ದು ಹೋಗಬೇಕು. ಕೈಯಲ್ಲಿ ಬ್ಯಾಟರಿ, ಕಾಲಲ್ಲಿ ಹರಿದ ಚಪ್ಪಲಿ, ಹಸಿ ಕೈಯಿಂದ ಮುಟ್ಟಬೇಕಾದ ಹಳೇ ಸ್ಟಾರ್ಟರ್, ಬದುವಿನ ಹುಲ್ಲಿನಲ್ಲಿ ಕೊಳಕುಮಂಡಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಆ ವಾರ ನಮ್ಮ ಗ್ರೂಪಿನಲ್ಲಿ ಅದರ ಬಗ್ಗೆ ಒಂದೇ ಒಂದು ಮೆಸೇಜು ಬರಲಿಲ್ಲ. ಅದು ಸೈನ್ಸ್ ನ್ಯೂಸ್ ಅಂತ ನಮಗ್ಯಾರಿಗೂ ಅನಿಸಿರಲಿಲ್ಲ.

ಇನ್ನೊಂದು ವಿಚಿತ್ರ ನೋಡ್ರಿ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಇದೆ, 800ರ ಮೂರು ಘಟಕ. ಅಲ್ಲೇ ಹತ್ತಿರ ಆಲಮಟ್ಟಿಯಲ್ಲಿ 290 ಮೆಗಾವಾಟ್ ಜಲ ವಿದ್ಯುತ್. ಚಿಮಣಿಯ ಕೆಂಪು ದೀಪ ನೋಡುತ್ತಾ ಕರೆಂಟಿನ ದಾರಿ ಕಾಯುವ ರೈತರು ಇದ್ದಾರೆ. ಗ್ರಿಡ್ ಅಂದರೆ ಊರ ಬಾವಿಯಲ್ಲ, ಪಕ್ಕದಲ್ಲಿ ಹುಟ್ಟಿದ್ದು ಪಕ್ಕದವರಿಗೇ ಅನ್ನೋ ನಿಯಮ ಇಲ್ಲ ಅಂತ ಪವರ್ ಸಿಸ್ಟಮ್ಸ್ ಓದಿದ ನನಗೆ ಗೊತ್ತು. ಆದರೆ ಅದನ್ನು ರಾತ್ರಿ ಎರಡಕ್ಕೆ ಎದ್ದವನಿಗೆ ಹೇಳಾಕ ನನಗ ಧೈರ್ಯ ಇಲ್ಲ.

ಈ ಥರದ ಡಬ್ಬಿಗಳಲ್ಲಿ ಮೊದಲು ಹೆಸರು ಮಾಡಿದ್ದು ಪುಣೆಯ ಇಂಜಿನಿಯರ್ ಸಂತೋಷ್ ಓಸ್ತವಾಲ್ ಅವರ 'ನ್ಯಾನೊ ಗಣೇಶ್'. ನೋಕಿಯಾ ನಡೆಸಿದ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನವೂ ಬಂದಿತ್ತು. ಸಿಲಿಕಾನ್ ವ್ಯಾಲಿಯವರು ಐಓಟಿ, ಸ್ಮಾರ್ಟ್ ಹೋಮ್ ಅಂತ ಬಲ್ಬಿಗೆ ಬಣ್ಣ ಬದಲಿಸುವ ಆಟ ಶುರು ಮಾಡುವ ಮೊದಲೇ ನಮ್ಮ ಸೀಮೆಯ ರೈತ ಕೀಪ್ಯಾಡ್ ಫೋನಿನಿಂದ ಎರಡು ಕಿಲೋಮೀಟರ್ ದೂರದ ಮೋಟರ್ ಚಾಲೂ ಮಾಡುತ್ತಿದ್ದ. ಐರನ್ ಮ್ಯಾನ್ ಸಿನಿಮಾದ ಜಾರ್ವಿಸ್ ಬಗ್ಗೆ ನಾವು ಕಣ್ಣರಳಿಸಿ ಮಾತಾಡ್ತೀವಿ. ಇದು ಬಡವರ ಜಾರ್ವಿಸ್. ಜೋಕು ಹೇಳುವುದಿಲ್ಲ ಅಷ್ಟೇ.

ಸಿನಿಮಾ ಮಾತು ಬಂತಲ್ಲ, 'ಇಂಟರ್‌ಸ್ಟೆಲ್ಲರ್' ನೋಡಿದವರೆಲ್ಲ ಬ್ಲ್ಯಾಕ್ ಹೋಲ್ ಬಗ್ಗೆಯೇ ಮಾತಾಡುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ನನಗೆ ಹಿಡಿಸಿದ್ದು ಮೊದಲ ಅರ್ಧ ತಾಸು. ಧೂಳಿನ ಬಿರುಗಾಳಿ, ಒಂದೊಂದಾಗಿ ಸಾಯುವ ಬೆಳೆ, ಬೆಂಡಿಕಾಯಿ ಇನ್ನು ಮುಂದೆ ಇಲ್ಲ ಅನ್ನುವ ಸುದ್ದಿ. ಆಮೇಲೆ ಭಾರತದ ಒಂದು ಡ್ರೋನ್ ಹಾರಿ ಬರುತ್ತದೆ. ನಾಯಕ ಕೂಪರ್ ಅದನ್ನು ಜೋಳದ ಹೊಲದ ನಡುವೆ ಅಟ್ಟಿಸಿಕೊಂಡು ಹೋಗಿ ಇಳಿಸುವುದು ಯಾಕೆ? ಅದರ ಸೋಲಾರ್ ಸೆಲ್ಲು ಹೊಲದ ಕೆಲಸಕ್ಕೆ ಬೇಕು ಅಂತ. ಮುದ್ದೇಬಿಹಾಳದ ನನ್ನ ರೂಮ್‌ಮೇಟ್ ಆ ಸೀನಿಗೆ ಅಂದದ್ದು: "ಇದರಾಗ ಸೈನ್ಸ್ ಫಿಕ್ಷನ್ ಏನೈತಿ? ನಮ್ಮಪ್ಪಂಗ ಸಿಕ್ಕಿದ್ರೂ ಅದನ್ನ ಮಾಡ್ತಿದ್ದ."

ಈಗ ಡಬ್ಬಿಯ ಕೆಟ್ಟ ಗುಣಕ್ಕೆ ಬರೋಣ. ಇದರಲ್ಲಿ ಆಟೋ ಅಂತ ಒಂದು ಮೋಡ್ ಇರುತ್ತದೆ. ಕರೆಂಟು ಬಂದ ಕೂಡಲೇ ತಾನೇ ಮೋಟರ್ ಚಾಲೂ. ರಾತ್ರಿ ಪಾಳಿಗೆ ಎಲ್ಲರೂ ಆಟೋದಲ್ಲಿಟ್ಟು ಮಲಗುತ್ತಾರೆ. ಲೆಕ್ಕ ಹಾಕಿ ನೋಡ್ರಿ. 63 ಕೆವಿಎ ಟಿಸಿ ಒಂದರ ಮೇಲೆ 5 ಎಚ್‌ಪಿಯ ಹತ್ತು ಪಂಪ್ ಅದಾವ ಅಂತ ಇಟ್ಟುಕೊಳ್ಳಿ. ಒಂದು ಮೋಟರ್ ಓಡುವಾಗ ಸುಮಾರು 7.5 ಆಂಪಿಯರ್. ಹತ್ತಕ್ಕೆ 75. ಟಿಸಿಯ ಸಾಮರ್ಥ್ಯ ಸುಮಾರು 84 ಆಂಪಿಯರ್. ಕಾಗದದ ಮೇಲೆ ಎಲ್ಲಾ ಸರಿ. ಆದರೆ ಇಂಡಕ್ಷನ್ ಮೋಟರ್ ನೇರವಾಗಿ ಚಾಲೂ ಆಗುವಾಗ ಆರು, ಏಳು ಪಟ್ಟು ಕರೆಂಟು ಎಳೆಯುತ್ತದೆ ಅಂತ ನಾಲ್ಕನೇ ಸೆಮ್‌ನಲ್ಲಿ ಬರೆದು ಮಾರ್ಕ್ಸ್ ತಗೊಂಡೀವಲ್ಲ, ಆ ಆರು ಪಟ್ಟು ಇಲ್ಲಿ ಹತ್ತೂ ಮೋಟರಿಗೆ ಒಂದೇ ಸೆಕೆಂಡಿನಲ್ಲಿ ಬರುತ್ತದೆ. 450 ಆಂಪಿಯರ್ ಕೇಳಿದರೆ ಟಿಸಿ ಎಲ್ಲಿಂದ ತಂದೀತು? ವೋಲ್ಟೇಜ್ ಕುಸಿಯುತ್ತದೆ. ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ವೋಲ್ಟೇಜ್ 70 ಪರ್ಸೆಂಟಿಗೆ ಬಂದರೆ ಟಾರ್ಕ್ ಅರ್ಧ. ಮೋಟರುಗಳು ಗುಂಯ್ ಅನ್ನುತ್ತಾ ನಿಂತಲ್ಲೇ ನಿಂತು ಕರೆಂಟು ಎಳೆಯುತ್ತಲೇ ಇರುತ್ತವೆ. ಫ್ಯೂಸ್ ಹೋಗಬೇಕು, ಆದರೆ ಪದೇ ಪದೇ ಹೋಗುವ ಫ್ಯೂಸಿನ ಜಾಗದಲ್ಲಿ ಯಾರೋ ದಪ್ಪ ತಂತಿ ಸುತ್ತಿರುತ್ತಾರೆ. ಮುಂಜಾನೆ ಊರಲ್ಲಿ ಒಂದೇ ಮಾತು: ಟಿಸಿ ಸುಟ್ಟೈತಿ. ಹೊಸದು ಬರುವವರೆಗೆ ಬೆಳೆ ಬಾಡುವುದನ್ನು ಹತ್ತೂ ಮಂದಿ ಕೂಡಿ ನೋಡಬೇಕು.

ಕಂಪ್ಯೂಟರ್ ಸೈನ್ಸಿನವರು ಇಲ್ಲಿ ನಗುತ್ತಿರಬೇಕು. ಎಲ್ಲರೂ ಒಂದೇ ತಂತಿಯ ಮೇಲೆ ಒಮ್ಮೆಗೇ ಮಾತಾಡಿದರೆ ಏನು ಮಾಡಬೇಕು ಅನ್ನುವ ಪ್ರಶ್ನೆಗೆ 1970ರ ದಶಕದಲ್ಲೇ ಈಥರ್‌ನೆಟ್ ಉತ್ತರ ಕೊಟ್ಟಿದೆ. ಪ್ರತಿಯೊಬ್ಬರೂ ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಶುರು ಮಾಡುವುದು. ಡಬ್ಬಿಯ ಪ್ರೋಗ್ರಾಮಿನಲ್ಲಿ ಹತ್ತು ಸಾಲಿನ ಕೆಲಸ: ಕರೆಂಟು ಬಂದ ಮೇಲೆ ಸೊನ್ನೆಯಿಂದ ಐದು ನಿಮಿಷದೊಳಗೆ ಯಾವುದೋ ಒಂದು ಸಮಯ ಆರಿಸಿಕೊಂಡು ಕಾಯಿ, ಆಮೇಲೆ ಚಾಲೂ ಮಾಡು. ಡಿಲೇ ಟೈಮರ್ ಇರುವ ಡಬ್ಬಿಗಳು ಮಾರುಕಟ್ಟೆಯಲ್ಲಿ ಇವೆ ಕೂಡ. ತೊಂದರೆ ಏನಂದ್ರೆ ಆ ಸೆಟ್ಟಿಂಗ್ ಮಾಲೀಕನ ಕೈಯಲ್ಲಿರುತ್ತದೆ. ಬಾಜೂ ಹೊಲದವನಿಗಿಂತ ಮೊದಲು ನನ್ನ ಬೋರು ನೀರು ಎತ್ತಲಿ ಅಂತ ಎಲ್ಲರೂ ಸೊನ್ನೆ ಇಡುತ್ತಾರೆ. ರೈತರನ್ನು ಬೈಯಬೇಡಿ, ಮೆಸ್ ಬಾಗಿಲು ತೆಗೆಯುವಾಗ ನಾವು ಹೆಂಗ ನುಗ್ಗತೀವಿ ನೆನಪಿರಲಿ. ಅದಕ್ಕೇ ನನ್ನ ಅಭಿಪ್ರಾಯ: ಈ ಡಿಲೇ ಯಾರೂ ಬದಲಿಸಲಾಗದಂತೆ ಒಳಗೇ ಕೂತಿರಬೇಕು, ಹಾಗಿಲ್ಲದ ಡಬ್ಬಿ ಮಾರುವಂತಿಲ್ಲ ಅಂತ ನಿಯಮ ಬರಬೇಕು. ಒಂದು ಕಂಪನಿ ತಾನಾಗಿ ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಡಬ್ಬಿ ಎಷ್ಟು ಚಲೋ ಕೆಲಸ ಮಾಡುತ್ತದೋ ರಾತ್ರಿ ಕರೆಂಟು ಕೊಡುವವರಿಗೆ ಅಷ್ಟು ಆರಾಮ. "ಈಗೇನ್ ಹೊಲಕ್ಕ ಹೋಗಬೇಕಾಗಿಲ್ಲಲ್ಲ, ಫೋನ್‌ನಾಗ ಚಾಲೂ ಆಗತೈತಿ" ಅನ್ನುವ ಮಾತನ್ನು ನಾನೇ ಕೇಳಿದ್ದೇನೆ. ಹೋಗಬೇಕಾಗಿಲ್ಲ ಅನ್ನುವುದೂ ಅರ್ಧ ಸತ್ಯ. ಜಿಐ ಟ್ಯಾಗ್ ಪಡೆದ ಇಂಡಿಯ ಲಿಂಬೆ ತೋಟಕ್ಕೆ ಡ್ರಿಪ್ ಹಾಕಿಸಿದವನಿಗೆ ಹೌದು, ಮಲಗಿದಲ್ಲೇ ಕೆಲಸ ಮುಗಿಯಿತು. ಭೀಮೆಯ ದಂಡೆಯಲ್ಲಿ ಕಬ್ಬಿಗೆ ಸಾಲು ಸಾಲಾಗಿ ನೀರು ಹಾಯಿಸುವವನು? ಮೋಟರ್ ಚಾಲೂ ಮಾಡುವ ಒಂದು ಸುತ್ತು ಉಳಿಯಿತೇ ಹೊರತು, ಒಂದು ಸಾಲು ತುಂಬಿದ ಮೇಲೆ ಮಡಿ ಒಡೆದು ಇನ್ನೊಂದಕ್ಕೆ ನೀರು ತಿರುವಾಕ ಅವನು ಕತ್ತಲಲ್ಲಿ ನಿಂತಿರಲೇಬೇಕು. ಹಾವಿಗೆ ಮೊಬೈಲ್ ಸ್ಟಾರ್ಟರ್ ಬಂದದ್ದು ಗೊತ್ತಿಲ್ಲ.

ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರಂದು ಇಳಿದದ್ದು ಚಂದ್ರನ ಆ ಭಾಗದಲ್ಲಿ ಬೆಳಗಾಗುವ ಹೊತ್ತಿಗೆ. ಸೋಲಾರ್ ಪ್ಯಾನೆಲ್ ನಂಬಿಕೊಂಡ ಯಂತ್ರಕ್ಕೆ ಹಗಲೇ ಬೇಕು ಅಂತ ಇಸ್ರೊ ಇಡೀ ಯೋಜನೆಯ ವೇಳಾಪಟ್ಟಿಯನ್ನೇ ಸೂರ್ಯನಿಗೆ ಹೊಂದಿಸಿತು. ಅಲ್ಲಿ ರಾತ್ರಿಯಾಗುವ ಮೊದಲೇ ಸೆಪ್ಟೆಂಬರ್ 4ಕ್ಕೆ ಮಲಗಿಸಿತು. ಯಂತ್ರಕ್ಕೆ ಕೊಟ್ಟ ಮರ್ಯಾದೆಯನ್ನು ಮನುಷ್ಯನಿಗೆ ಕೊಡಾಕ ಏನು ಅಡ್ಡಿ? ಬ್ಯಾಸಗಿಯಲ್ಲಿ ಐಫೋನ್ ತಡೆಯದಷ್ಟು ಬಿಸಿಲು ನಮ್ಮಲ್ಲಿ ಬೀಳ್ತದ. 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯಲ್ಲಿ ಇದಕ್ಕೆ ದಾರಿ ಇದೆ. ಬಿಡಿ ಬಿಡಿ ಸೋಲಾರ್ ಪಂಪಿಗಿಂತ ನನಗೆ ಹಿಡಿಸಿದ್ದು ಅದರ 'ಸಿ' ಭಾಗ. ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಪ್ಲಾಂಟ್ ಹಾಕಿ, ಪಂಪ್‌ಸೆಟ್ಟಿನ ಫೀಡರಿಗೆ ಹಗಲಿನಲ್ಲೇ ಕರೆಂಟು ಕೊಡುವುದು. ರೈತ ಹೊಸದೇನೂ ಕೊಳ್ಳಬೇಕಿಲ್ಲ, ಇದ್ದ ಮೋಟರೇ ಸಾಕು. ಪುಕ್ಕಟೆ ಬಿಸಿಲು, ಪುಕ್ಕಟೆ ಕರೆಂಟು ಅಂತ ಅಂತರ್ಜಲ ಇನ್ನೂ ಬೇಗ ಬತ್ತೀತು ಅನ್ನುವ ಭಯ ಇದೆ, ಅದು ಸುಳ್ಳಲ್ಲ. ಆದರೆ ಆ ಭಯಕ್ಕೆ ಉತ್ತರ ರಾತ್ರಿ ಪಾಳಿ ಅಂತ ಆಗಬಾರದು.

ಮರೆಯುವ ಮೊದಲು ಸಿಮ್ಮಿನ ಸುದ್ದಿ. ಇಂಥ ಡಬ್ಬಿಗಳಲ್ಲಿ ಬಹಳಷ್ಟು 2ಜಿ ಮೇಲೆ ಓಡುತ್ತವೆ. 5ಜಿ ಬಂತು ಅಂತ ನಾವು ಸ್ಪೀಡ್ ಟೆಸ್ಟ್ ಮಾಡುತ್ತಾ ಕೂತಾಗ, 2ಜಿ ಯಾವತ್ತು ಬಂದ್ ಮಾಡ್ತಾರೋ ಅಂತ ಕಾಳಜಿ ಮಾಡಬೇಕಾದವರು ಇವರು. ರೀಚಾರ್ಜಿನ ಗೋಳು ಬೇರೆ. ಮೋಟರ್ ರೀಲ್ಸ್ ನೋಡೂದಿಲ್ಲ, ಆದರೂ ಅದಕ್ಕೆ ಡೇಟಾ ಪ್ಯಾಕ್ ಹಾಕಿಸಬೇಕಾಗುತ್ತಿತ್ತು. 2024ರ ಡಿಸೆಂಬರಿನಲ್ಲಿ ಟ್ರಾಯ್, ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕನ್ನೂ ಕೊಡಲೇಬೇಕು ಅಂತ ಕಂಪನಿಗಳಿಗೆ ಹೇಳಿತು. ಅದು ಹಿರಿಯರಿಗೆ, ಎರಡು ಸಿಮ್ ಇಟ್ಟವರಿಗೆ ಅಂತ ಪತ್ರಿಕೆಗಳು ಬರೆದವು. ಬೋರಿನ ಪೆಟ್ಟಿಗೆಯಲ್ಲಿ ಕೂತ ಗಿರಾಕಿಯ ನೆನಪು ಯಾರಿಗೂ ಆಗಲಿಲ್ಲ.

ಆ ರ್‍ಯಾಂಡಮ್ ಡಿಲೇ ಡಬ್ಬಿಯನ್ನು ಈ ಸಲದ ಮಿನಿ ಪ್ರಾಜೆಕ್ಟಿಗೆ ತಗೋಬೇಕು ಅಂತ ನಾವು ಮೂವರು ಮಾತಾಡಿಕೊಂಡಿದ್ದೀವಿ. ಈಇಇಯಿಂದ ಇಬ್ಬರು, ಸಿಎಸ್‌ನಿಂದ ಒಬ್ಬ. ನಾಲ್ಕನೆಯವರಿಗೆ ಜಾಗ ಖಾಲಿ ಐತಿ. ಊರಿಗೆ ಹೋದಾಗ ನಿಮ್ಮ ಟಿಸಿ ಮೇಲೆ ಎಷ್ಟು ಕೆವಿಎ ಅಂತ ಬರೆದದ, ಅದರ ಕೆಳಗೆ ಎಷ್ಟು ಪಂಪ್ ಅದಾವ, ಅದರಾಗ ಆಟೋದಲ್ಲಿ ಇಟ್ಟವರೆಷ್ಟು, ಇಷ್ಟು ಕೇಳಿಕೊಂಡು ಬರ್ರಿ. ಟಿಸಿ ಹತ್ತಿರ ಹೋಗಬೇಡಿ, ದೂರದಿಂದ ಫೋಟೊ ಹೊಡೆದು ಝೂಮ್ ಮಾಡಿ ಓದಿದರೆ ಸಾಕು. ಅಷ್ಟು ಮೆಗಾಪಿಕ್ಸೆಲ್ ನಿಮ್ಮ ಫೋನಿನಲ್ಲಿ ಇದ್ದೇ ಇರ್ತದ.