ಕಡಲಿನ ಹೊರೆಯಲ್ಲಿ ಬಯಲುಸೀಮೆಯ ಪಾಲು

ರಾಮನಗರದ ಬಳಿಯ ಕೆಂಗಲ್ ಆಂಜನೇಯನ ಗುಡಿಯ ಮುಂದಿನ ಹೆದ್ದಾರಿಯಲ್ಲಿ ಹಗಲಿರುಳೂ ಸಾಗುವ ವಾಹನಗಳ ಹೊಗೆಗೂ ಕಡಲಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದದ್ದೇ. ಅರಬ್ಬೀ ಸಮುದ್ರ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆ, ಘಟ್ಟದ ಕೆಳಗಿದೆ. ಆದರೆ ಗಾಳಿಗೆ ಘಟ್ಟದ ಎಲ್ಲೆಯಿಲ್ಲ. ಮನುಷ್ಯ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಸಾಗರಗಳೇ ಹೀರಿಕೊಳ್ಳುತ್ತಿವೆ. ಇಂಥ ಅನಿಲಗಳಿಂದ ಭೂಮಿಯಲ್ಲಿ ಉಳಿದ ಹೆಚ್ಚುವರಿ ಶಾಖದಲ್ಲಿ ಸುಮಾರು ಶೇ 90ರಷ್ಟು ಸೇರಿರುವುದೂ ಅವುಗಳ ಒಡಲಿಗೇ. ಕಡಲಿನ ಆರೋಗ್ಯ ಕರಾವಳಿಯವರಿಗೆ ಮಾತ್ರ ಬಿಟ್ಟ ಚಿಂತೆಯಲ್ಲ, ರಾಗಿ, ರೇಷ್ಮೆ, ಮಾವು ನಂಬಿದ ರಾಮನಗರ ಸೀಮೆಯದೂ ಹೌದು ಎನ್ನುವುದು ಇದಕ್ಕಾಗಿಯೇ.

ಹೀರಿಕೊಂಡ ಅನಿಲ ನೀರಿನಲ್ಲಿ ಸುಮ್ಮನೆ ಕೂರುವುದಿಲ್ಲ. ಅದು ನೀರಿನೊಡನೆ ಬೆರೆತು ಕಾರ್ಬಾನಿಕ್ ಆಮ್ಲವಾಗುತ್ತದೆ. ಕೈಗಾರಿಕಾ ಯುಗಕ್ಕೆ ಮುಂಚೆ ಸುಮಾರು 8.2 ಇದ್ದ ಸಾಗರದ ಮೇಲ್ಪದರದ ಪಿಎಚ್ (ಇಳಿದಷ್ಟೂ ಆಮ್ಲ ಹೆಚ್ಚೆಂದು ಹೇಳುವ ಅಳತೆ) ಈಗ 8.1ರ ಆಸುಪಾಸಿನಲ್ಲಿದೆ. ಅಂಕಿ ಚಿಕ್ಕದೆನಿಸಿದರೂ ಆಮ್ಲೀಯತೆ ಕಾಲು ಪಾಲಿಗಿಂತ ಹೆಚ್ಚಾಗಿದೆ ಎಂಬುದು ಅದರ ಅರ್ಥ. ಅಘನಾಶಿನಿ ನದಿಯ ಅಳಿವೆಯಲ್ಲಿ ಹೆಂಗಸರು ಆಯುವ ಚಿಪ್ಪಿಯಾಗಲಿ, ನೇತ್ರಾಣಿ ದ್ವೀಪದ ಹವಳವಾಗಲಿ ತನ್ನ ಗಟ್ಟಿ ಕವಚವನ್ನು ಕಟ್ಟಿಕೊಳ್ಳುವುದು ನೀರಿನಲ್ಲಿರುವ ಸುಣ್ಣದ ಅಂಶದಿಂದ. ಆಮ್ಲ ಹೆಚ್ಚಿದಷ್ಟೂ ಆ ಕೆಲಸ ಕಷ್ಟವಾಗುತ್ತದೆ. ಜೊತೆಗೆ, ಮೇಲಿನ ನೀರು ಕಾದರೆ ತಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇರುವುದು ತಗ್ಗುತ್ತದೆ. ಸೂಕ್ಷ್ಮ ಸಸ್ಯಗಳು ಕಡಿಮೆಯಾಗಿ, ಅವನ್ನು ನೆಚ್ಚಿದ ಬೂತಾಯಿ, ಬಂಗುಡೆ ಮೀನುಗಳ ಮೇವಿಗೂ ಕುತ್ತು ಬರುತ್ತದೆ.

ಬೂತಾಯಿ ಒಂದು ವರ್ಷ ರಾಶಿ ಬೀಳುವುದು, ಇನ್ನೊಂದು ವರ್ಷ ಮಾಯವಾಗುವುದು ಹಿಂದಿನಿಂದಲೂ ಇತ್ತಲ್ಲ ಎನ್ನುವವರಿದ್ದಾರೆ. ನಿಜ, ಪೆಸಿಫಿಕ್ ಸಾಗರ ಆಗಾಗ ಕಾಯುವ ಎಲ್ ನಿನೊ ಕೂಡ ಕಾರಣ, ಮರಿಮೀನನ್ನೂ ಬಿಡದ ಬಲೆಗಳೂ ಕಾರಣ. ಆದರೆ ಈಗಾಗಲೇ ಬಳಲಿದ ಕಡಲಿಗೆ ಬಿಸಿ ಮತ್ತು ಆಮ್ಲ ಗಾಯದ ಮೇಲೆ ಎಳೆದ ಬರೆ. ಇನ್ನು ಕಡಲಿನ ತೇವದಿಂದ ಬರುವ ಮಳೆಯ ವಿಷಯ. ಗಾಳಿ ಒಂದು ಡಿಗ್ರಿ ಕಾದರೆ ಅದು ಹೊರಬಲ್ಲ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹದವಾಗಿ ಬೀಳಬೇಕಾದ ಮಳೆ ಒಮ್ಮೆಲೇ ಸುರಿಯುವ ಸಾಧ್ಯತೆಯೂ ಬೆಳೆಯುತ್ತದೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ನೀರಲ್ಲಿ ಮುಳುಗಿತು. ಆ ಒಂದು ಮಳೆಯ ಹೊಣೆಯನ್ನು ಕಾದ ಕಡಲಿಗೆ ಹೊರಿಸಲಾಗದು. ಆದರೆ ಅಂಥ ಮಳೆ ಪದೇ ಪದೇ ಬಂದರೆ ಹೊಲದ ಪೈರಿಗೂ ಕೆರೆಯ ಏರಿಗೂ ಉಳಿಗಾಲವಿಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಶತಮಾನಗಳಿಂದ ಹೊಗೆ ಉಗುಳಿದವರು ಶ್ರೀಮಂತ ದೇಶದವರು, ಭಾರತೀಯನ ತಲಾ ಪಾಲು ಜಾಗತಿಕ ಸರಾಸರಿಯ ಅರ್ಧಕ್ಕೂ ಕಡಿಮೆ, ತ್ಯಾಗ ನಾವೇಕೆ ಮಾಡಬೇಕು? ನ್ಯಾಯದ ಈ ಮಾತನ್ನು ಬಿಟ್ಟುಕೊಡಬೇಕಿಲ್ಲ. ಹೆಚ್ಚಿನ ಹೊರೆ ಅವರೇ ಹೊರಲಿ. ಆದರೆ ಇಲ್ಲಿ ಕೇಳುತ್ತಿರುವುದು ಬಡವನ ಒಲೆ ಆರಿಸುವುದನ್ನಲ್ಲ. ಪಾವಗಡದಲ್ಲಿ ಎರಡು ಸಾವಿರ ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರ ಕಟ್ಟಿದ ರಾಜ್ಯಕ್ಕೆ ಪಂಪ್‌ಸೆಟ್ಟಿಗೆ ಬಿಸಿಲಿನ ವಿದ್ಯುತ್, ಚನ್ನಪಟ್ಟಣ, ರಾಮನಗರದ ಪ್ರಯಾಣಿಕರಿಗೆ ಹೆಚ್ಚು ರೈಲು, ರೇಷ್ಮೆ ನೂಲು ಬಿಚ್ಚುವ ಘಟಕಗಳಿಗೆ ಕಡಿಮೆ ಉರುವಲಿನ ಬಾಯ್ಲರ್ ಒದಗಿಸುವುದು ಅಸಾಧ್ಯವಲ್ಲ. ಅದರಲ್ಲಿ ಊರಿಗೂ ಉಳಿತಾಯವಿದೆ. ತಡಮಾಡಿದಷ್ಟೂ ನಷ್ಟ ನಮಗೇ. ಬಿಸಿನೀರು ತಣ್ಣೀರಿನಷ್ಟು ಅನಿಲ ಹಿಡಿದಿಡದು. ಕಡಲು ಕಾದಂತೆ ಅದು ಹೀರುವುದು ತಗ್ಗಿ, ಮಿಕ್ಕ ಹೊಗೆ ಗಾಳಿಯಲ್ಲೇ ಉಳಿಯುತ್ತದೆ. ಆ ಸಾಲವನ್ನು ಮುಂದೆ ತೀರಿಸಬೇಕಾದವರು ನಮ್ಮ ಮಕ್ಕಳು.