ಮಿತವ್ಯಯವೂ ವಿಶ್ವಾಸವೂ

ಕಷ್ಟಕಾಲವು ಯಾವ ಮನೆಯನ್ನೂ ಬಿಟ್ಟದ್ದಿಲ್ಲ. ಮಳೆ ತಪ್ಪಿದ ವರ್ಷ ರೈತನಿಗೆ, ಕೆಲಸ ನಿಂತಾಗ ಕೂಲಿಯವನಿಗೆ, ಯಜಮಾನನು ಹಾಸಿಗೆ ಹಿಡಿದಾಗ ಸಂಬಳದ ಮನೆಗೆ, ಹೀಗೆ ಅದು ಒಂದಲ್ಲ ಒಂದು ಬಾಗಿಲಿನಿಂದ ಒಳಗೆ ಬರುತ್ತದೆ. 2020ರಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಲಕ್ಷಾಂತರ ಕುಟುಂಬಗಳು ಕೆಲವೇ ವಾರಗಳಲ್ಲಿ ಇದನ್ನು ಅನುಭವಿಸಿದವು. ಇಂತಹ ಕಾಲದಲ್ಲಿ ಮಿತವ್ಯಯವು ಅವಶ್ಯವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಮಾಡಬಾರದು ಎಂಬ ವಿವೇಕವಿಲ್ಲದಿದ್ದರೆ ಮಿತವ್ಯಯವೇ ಅನ್ಯಾಯವಾಗಿ ಪರಿಣಮಿಸುವುದುಂಟು. ಈ ವಿಷಯವಾಗಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳುವೆನು.

ಅರಸುಗಳ ಎರಡನೆಯ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಒಬ್ಬ ವಿಧವೆಯ ವೃತ್ತಾಂತವಿದೆ. ಗಂಡನು ಸಾಲವನ್ನು ಉಳಿಸಿ ತೀರಿಕೊಂಡನು. ಸಾಲಗಾರನು ಅವಳ ಇಬ್ಬರು ಗಂಡುಮಕ್ಕಳನ್ನು ದಾಸರನ್ನಾಗಿ ಒಯ್ಯಲು ಬಂದನು. ಅವಳು ಪ್ರವಾದಿಯಾದ ಎಲೀಷನಲ್ಲಿ ಮೊರೆಯಿಟ್ಟಾಗ ಅವನು ಅವಳ ಮನೆಯಲ್ಲಿ ಏನು ಉಂಟೆಂದು ಕೇಳಿದನು. ಸ್ವಲ್ಪ ಎಣ್ಣೆಯ ಹೊರತು ಏನೂ ಇರಲಿಲ್ಲ. ನೆರೆಹೊರೆಯವರಿಂದ ಬರಿದಾದ ಪಾತ್ರೆಗಳನ್ನು ತರಿಸಿ, ಆ ಎಣ್ಣೆಯನ್ನೇ ಹೊಯ್ಯಿಸಿ, ಮಾರಿ, ಮೊದಲು ಸಾಲವನ್ನು ತೀರಿಸಿ ಉಳಿದುದರಲ್ಲಿ ಜೀವಿಸುವಂತೆ ಪ್ರವಾದಿಯು ಹೇಳಿದನು. ಅದ್ಭುತವು ದೇವರದು, ಪಾತ್ರೆಗಳನ್ನು ಹೊತ್ತು ತಂದ ಶ್ರಮವು ಆ ತಾಯಿಮಕ್ಕಳದು, ಪಾತ್ರೆ ಕೊಟ್ಟ ಉಪಕಾರವು ನೆರೆಯವರದು. ವಿಶ್ವಾಸವೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕೇ?

ನಮ್ಮ ನಾಡಿನ ಕ್ರಿಸ್ತಸಭೆಗಳ ಚರಿತ್ರೆಯಲ್ಲಿಯೂ ಇದೇ ಪಾಠವುಂಟು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ತರುವಾಯ, ಕ್ರೈಸ್ತರಾದವರಲ್ಲಿ ಅನೇಕರು ಮನೆಮಾರುಗಳನ್ನೂ ಕಸುಬನ್ನೂ ಕಳೆದುಕೊಂಡರು. ಅವರನ್ನು ಸದಾಕಾಲ ದಾನದಿಂದ ಸಾಕುವುದು ಸಾಧ್ಯವೂ ಅಲ್ಲ, ಹಿತವೂ ಅಲ್ಲ. ಆದಕಾರಣ ನೇಯ್ಗೆ ಮೊದಲಾದ ಕೆಲಸಗಳು ಆರಂಭವಾದವು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯು ಹುಟ್ಟಿತು. ಕಾಲ ಕೆಳಗಣ ಜೇಡಿಮಣ್ಣೇ ಎಷ್ಟೋ ಮನೆಗಳಿಗೆ ಅನ್ನವಾಯಿತು. ಈ ಮಿಶನಿಗೆ ಹಣವಾದರೂ ಶ್ರೀಮಂತರಿಂದ ಮಾತ್ರ ಬಂದುದಲ್ಲ. ಬಾಸೆಲಿನಲ್ಲಿ 1855ರಲ್ಲಿ ಆರಂಭವಾದ ಅರ್ಧ ಬಾಟ್ಸನ್ ಚಂದಾದ ಮೂಲಕ ಸಾಮಾನ್ಯ ಜನರು ವಾರಕ್ಕೊಂದು ಚಿಕ್ಕ ನಾಣ್ಯವನ್ನು ಕೂಡಿಸಿ ಕೊಟ್ಟರು. ಹನಿಗೂಡಿದರೆ ಹಳ್ಳವಷ್ಟೇ.

ಇನ್ನು ಅಡಿಗೆಮನೆಯ ವಿಷಯ. ನಮ್ಮ ಅಜ್ಜಿಯಂದಿರಿಗೆ ಮಿತವ್ಯಯವು ಒಂದು ವಿದ್ಯೆಯಾಗಿತ್ತು. ಹುರುಳಿ ಬೇಯಿಸಿದ ಕಟ್ಟು ಸಾರಾಗುತ್ತಿತ್ತು. ಹೀರೇಕಾಯಿಯ ಸಿಪ್ಪೆ ಚಟ್ನಿಯಾಗುತ್ತಿತ್ತು. ಹಲಸಿನ ಬೀಜವು ಮಳೆಗಾಲದ ಪಲ್ಯಕ್ಕೆ ಒದಗುತ್ತಿತ್ತು. ಹರಿದ ಸೀರೆಗಳು ಕೌದಿಯಾಗುತ್ತಿದ್ದವು. ಇವು ಬಡತನದ ಗುರುತುಗಳೆಂದು ನಾಚಿಕೊಳ್ಳುವ ಹುಡುಗಿಯರನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ಒಂದು ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಗಿಲಾಗಿ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಅಗ್ಗವಾದುದೆಲ್ಲ ಕೀಳಲ್ಲ. ಐದು ಸಾವಿರ ಜನರು ಉಂಡು ತೃಪ್ತರಾದ ಮೇಲೆಯೂ ಕರ್ತನು ಉಳಿದ ತುಂಡುಗಳನ್ನು ಕೂಡಿಸಲು ಶಿಷ್ಯರಿಗೆ ಅಪ್ಪಣೆಕೊಟ್ಟನು. ಹನ್ನೆರಡು ಪುಟ್ಟಿಗಳು ತುಂಬಿದವು. ರೊಟ್ಟಿಯನ್ನು ಹೆಚ್ಚಿಸಬಲ್ಲವನೇ ತುಂಡನ್ನು ತಾತ್ಸಾರ ಮಾಡದಿದ್ದಾಗ ನಾವು ಮಾಡಬಹುದೇ?

ಸಾಲದ ವಿಷಯದಲ್ಲಿ ಎಚ್ಚರವು ಇನ್ನೂ ಅಗತ್ಯ. ರೋಗಕ್ಕಾಗಿಯೋ ಬಿತ್ತನೆಗಾಗಿಯೋ ಮಾಡಿದ ಸಾಲವು ಬೇರೆ. ಜನರು ಏನೆಂದಾರೋ ಎಂಬ ಭಯದಿಂದ ಮದುವೆಗೂ ಹಬ್ಬಕ್ಕೂ ಮಾಡಿದ ಸಾಲವು ಬೇರೆ. ಸಾಲ ವಸೂಲಿಯ ಕಿರುಕುಳವು ಎಷ್ಟು ವಿಪರೀತಕ್ಕೆ ಹೋಯಿತೆಂದರೆ, ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಎಲೀಷನ ಕಾಲದ ಆ ವಿಧವೆಯ ಗೋಳು ಇಂದಿಗೂ ನಮ್ಮ ಬೀದಿಗಳಲ್ಲಿದೆ. ಸರಳವಾದ ಮದುವೆಯು ದೇವರ ಸನ್ನಿಧಿಯಲ್ಲಿ ಯಾವ ವಿಧದಲ್ಲಿಯೂ ಕಡಿಮೆಯಾದುದಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಮನೆಯಲ್ಲಿ ತಾಪತ್ರಯ ಬಂದಾಗ ಮೊದಲು ಕಡಿಮೆಯಾಗುವುದು ತಾಯಿಯ ಊಟ. ಎರಡನೆಯದು ಮಗಳ ಓದು. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದುದನ್ನು ಉಣ್ಣುವುದನ್ನು ನಾವು ತ್ಯಾಗವೆಂದು ಹೊಗಳುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯುಂಟು. ಇದನ್ನು ಹೊಗಳುವುದು ಹೇಗೆ? ಇನ್ನು ಮಗಳನ್ನು ಶಾಲೆ ಬಿಡಿಸುವಾಗ ತಂದೆಯು, ಒಂದು ವರ್ಷದ ಮಟ್ಟಿಗೆ ಮಾತ್ರ ಎನ್ನುತ್ತಾನೆ. ಆ ಒಂದು ವರ್ಷವು ಮುಗಿಯುವುದನ್ನು ನಾನು ಕಂಡದ್ದು ಅಪರೂಪ. ಹುಡುಗಿಯು ತಮ್ಮನನ್ನು ಎತ್ತಿಕೊಳ್ಳುತ್ತಾಳೆ, ಕೂಲಿಗೆ ಹೋಗುತ್ತಾಳೆ, ಬಳಿಕ ಮದುವೆಯ ಮಾತು ಬರುತ್ತದೆ. ಬಿತ್ತನೆಯ ಬೀಜವನ್ನು ಕುಟ್ಟಿ ಉಣ್ಣುವ ರೈತನನ್ನು ಯಾರೂ ಮಿತವ್ಯಯಿ ಎನ್ನರು. ಹೆಣ್ಣುಮಗಳ ವಿದ್ಯೆಯು ಮನೆಯ ಬೀಜಧಾನ್ಯವು.

ಬಡವರಿಗೆ ಮಿತವ್ಯಯವನ್ನು ಬೋಧಿಸುವುದು ಸುಲಭವಲ್ಲವೇ ಎಂದು ಕೆಲವರು ಕೇಳಬಹುದು. ಆಕ್ಷೇಪಣೆಯು ನ್ಯಾಯವಾದುದೇ. ದಿನದ ಕೂಲಿ ದಿನಕ್ಕೇ ಸಾಲದವರಿಗೆ ಉಳಿತಾಯದ ಉಪದೇಶವು ಗಾಯಕ್ಕೆ ಉಪ್ಪು. ಬಟ್ಟೆಯೂ ಆಹಾರವೂ ಇಲ್ಲದವನಿಗೆ ಬರಿಯ ಶುಭವಚನ ಹೇಳಿ ಕಳುಹಿಸುವುದರಿಂದ ಪ್ರಯೋಜನವೇನೆಂದು ಅಪೊಸ್ತಲನಾದ ಯಾಕೋಬನೇ ಪ್ರಶ್ನಿಸಿದ್ದಾನೆ. ಆದಕಾರಣ ಮಿತವ್ಯಯವು ಮೊದಲು ಉಳ್ಳವರ ಕರ್ತವ್ಯವು; ಉಳಿದುದು ಇಲ್ಲದವರ ಕಡೆಗೆ ಹರಿಯತಕ್ಕದ್ದು. ಮರುದಿನಕ್ಕೆಂದು ಬಚ್ಚಿಟ್ಟ ಮನ್ನವು ಹುಳ ಬಿದ್ದು ನಾರಿತೆಂಬುದನ್ನು ಮರೆಯಬಾರದು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಸ್ತ್ರೀಯರು ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ದೇವರ ಕೆಲಸಕ್ಕೆಂದು ತೆಗೆದಿಡುವ ಪದ್ಧತಿಯು 1910ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿದೆ. ಆ ಹಿಡಿಯಕ್ಕಿಯಿಂದಲೇ ಈಗ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಕೂಡುತ್ತದೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಒಬ್ಬೊಬ್ಬರು ಒಬ್ಬ ಹುಡುಗಿಯ ಪುಸ್ತಕ, ಸಮವಸ್ತ್ರ, ಬಸ್ಸಿನ ಖರ್ಚುಗಳಲ್ಲಿ ಯಾವುದಾದರೊಂದನ್ನು ವಹಿಸಿಕೊಂಡರೆ ಅದೇ ನಮ್ಮ ಹಿಡಿಯಕ್ಕಿಯು. ಮಾನ್ಯ ಪೋಷಕರೇ, ಶಾಲೆ ಬಿಡುವ ಸರ್ಟಿಫಿಕೇಟಿಗೆ ಅರ್ಜಿ ಬರೆಯುವುದಕ್ಕೆ ಮುಂಚೆ ದಯವಿಟ್ಟು ನಮ್ಮೊಡನೆ ಒಂದು ಮಾತು ಆಡಿರಿ. ಪಾತ್ರೆಗಳು ನೆರೆಯವರಲ್ಲಿ ಉಂಟು; ಕೇಳುವುದರಲ್ಲಿ ಅವಮಾನವಿಲ್ಲ. ಅನುದಿನದ ಆಹಾರವನ್ನು ದಯಪಾಲಿಸುವ ಪರಮ ತಂದೆಯು, ನಮ್ಮ ಮನೆಗಳಲ್ಲಿ ಉಳಿದಿರುವ ಆ ಸ್ವಲ್ಪ ಎಣ್ಣೆಯನ್ನು ಕಾಣುವ ಕಣ್ಣನ್ನೂ ಹಂಚಿಕೊಳ್ಳುವ ಹೃದಯವನ್ನೂ ನಮ್ಮೆಲ್ಲರಿಗೆ ಅನುಗ್ರಹಿಸಲಿ.